ಬೇರೆ ಟವೆಲ್

ನಮ್ಮ ಬೀದಿಯ ಅಣ್ಣ ತಮ್ಮಂದಿರ ಸಲೂನಿನಲ್ಲಿ ಎರಡೇ ಕುರ್ಚಿ. ಬಾಗಿಲ ಬಳಿಯದು ತಮ್ಮನದು, ಕಿಟಕಿ ಪಕ್ಕದ್ದು ಅಣ್ಣನದು. ಅಣ್ಣನ ಕೈ ಎಷ್ಟು ಹಗುರವೆಂದರೆ ಗಡ್ಡ ಹೆರೆಯುವಾಗಲೇ ನನಗೆ ನಿದ್ದೆ ಹತ್ತುತ್ತಿತ್ತು. ಬಾಯಿ ಮಾತ್ರ ಹಗುರವಲ್ಲ. "ಕತ್ತರಿಸೋಕೆ ಏನಿದೆ? ಹುಡುಕೋ ಕೂಲಿ ಕೊಡಿ" ಎಂದು ನನ್ನ ಬೋಳು ನೆತ್ತಿ ಸವರುತ್ತಿದ್ದರು.

ಅವರ ಸೊಂಟದ ಮೇಲೆ ಕೆಂಪು ಮಚ್ಚೆ ಎದ್ದು ಹನ್ನೊಂದು ವರ್ಷವಾಯಿತು. ಹುಳುಕಡ್ಡಿ ಎಂದು ಒಬ್ಬ ಡಾಕ್ಟರು ಮುಲಾಮು ಕೊಟ್ಟರು, ಇಸುಬು ಎಂದು ಇನ್ನೊಬ್ಬರು. ಮಚ್ಚೆ ಬಾಡುತ್ತಿತ್ತು, ಮತ್ತೆ ಪಕ್ಕದಲ್ಲೇ ತಲೆ ಎತ್ತುತ್ತಿತ್ತು. ಮನೆಯವರಿಗೆ ಹತ್ತೀತೆಂದು ಅಣ್ಣ ತಾವಾಗಿಯೇ ಬೇರೆ ಟವೆಲ್, ಬೇರೆ ಸೋಪು, ಬೇರೆ ಹಾಸಿಗೆ ಮಾಡಿಕೊಂಡರು. ಮೊಮ್ಮಗಳು ಹುಟ್ಟಿದಾಗ ದೂರದಿಂದಲೇ ನೋಡಿದರು.

ಮಚ್ಚೆ ಮುಂಗೈಗೂ ಬಂದ ಮೇಲೆ ತುಂಬುತೋಳಿನ ಅಂಗಿ ತೊಟ್ಟರು. ಆದರೂ ಗಿರಾಕಿಗಳು ಒಬ್ಬೊಬ್ಬರೇ ತಮ್ಮನ ಕುರ್ಚಿಗೆ ಸರಿದರು. ನಾನೂ ಸರಿದೆ. "ಅರ್ಜೆಂಟಿದೆ ಅಣ್ಣ" ಎಂದು ಹೇಳಿ, ತಮ್ಮನ ಸರದಿಗೆ ಮುಕ್ಕಾಲು ಗಂಟೆ ಕಾದು ಕೂತ ಭೂಪ ನಾನು.

ಮೂರನೇ ಸಲ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಗುಟ್ಟು ಹೊರಬಿತ್ತು. ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ಇದು ಲಿಂಫೋಮಾ. ಕ್ಯಾನ್ಸರ್ರೇ, ಆದ್ರೆ ಚರ್ಮದಲ್ಲಿ ಬರೋ ಅಪರೂಪದ ಬಗೆ. ನೋಡೋಕೆ ಇಸುಬಿನ ಥರಾನೇ ಇರುತ್ತೆ. ನಿಮ್ದು ಇನ್ನೂ ಮೊದಲ ಹಂತ. ಬೇರು ಸಮೇತ ಹೋಗೋದು ಕಷ್ಟ, ಆದ್ರೆ ಈ ಹಂತದಲ್ಲಿರೋ ಹೆಚ್ಚಿನೋರು ಎಲ್ಲರ ಹಾಗೇ ಬಾಳಿ ಬದುಕ್ತಾರೆ. ಕೆಲವರಿಗೆ ಮಾತ್ರ ಗಂಟಾಗಿ ಒಳಗಿಳಿಯುತ್ತೆ. ಹಾಗಾಗಿ ತಪಾಸಣೆ ತಪ್ಪಿಸೋ ಹಾಗಿಲ್ಲ."

ಅಣ್ಣ ಕೇಳಿದ್ದು ಒಂದೇ. "ಅಂಟುತ್ತಾ?"

"ಇಲ್ಲ."

"ಮೊದಲೂ ಅಂಟ್ತಿರ್ಲಿಲ್ವಾ?"

"ಯಾವತ್ತೂ ಇಲ್ಲ."

ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಅಳತೊಡಗಿದರು. ಕ್ಯಾನ್ಸರ್ ಎಂದದ್ದಕ್ಕೆ ಇರಬೇಕೆಂದು ಡಾಕ್ಟರಮ್ಮ ನೀರು ಕೊಟ್ಟರು.

"ಹನ್ನೊಂದು ವರ್ಷ ರೀ! ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರಲ್ಲ!" ಎಂದು ಅತ್ತಿಗೆ ಗಂಡನ ಕೈಯನ್ನೇ ಹಿಡಿದುಕೊಂಡರು.

ಈಗ ಅಣ್ಣ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಮೈಗೆ ಬೆಳಕಿನ ಚಿಕಿತ್ಸೆ ಕೊಡಿಸಿಕೊಂಡು ಬರುತ್ತಾರೆ. ಆ ಬೇರೆ ಟವೆಲ್ ನೆಲ ಒರೆಸಲು ಹೋಗಿದೆ. ವಿಷಯ ತಿಳಿದ ವಾರದಲ್ಲೇ ನಾನು ತಲೆ ತಗ್ಗಿಸಿಕೊಂಡು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಅಣ್ಣ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಿದ್ದರು.

"ಇವತ್ತು ಅರ್ಜೆಂಟಿಲ್ವಾ?"

ನನಗೆ ನಾಚಿಕೆಯಾಯಿತು. ಮಾತು ಮರೆಸಲು ಮೊಮ್ಮಗಳು ಹೇಗಿದ್ದಾಳೆ ಎಂದೆ.

"ಎಂಟು ತುಂಬ್ತು. ಮೊನ್ನೆ ಎತ್ಕೊಳ್ಳೋಕೆ ಹೋದೆ. ನಾನೇನು ಪಾಪುನಾ ತಾತ, ಅಂತ ಓಡಿಹೋದ್ಲು."

ಕನ್ನಡಿಯಲ್ಲಿ ಅವರ ಮುಖ ನೋಡಲು ಕತ್ತೆತ್ತಿದೆ. "ತಲೆ ಬಗ್ಗಿಸಿ" ಎಂದು ನನ್ನ ನೆತ್ತಿ ಹಿಡಿದು ಒತ್ತಿದರು. ಬಹಳ ಹೊತ್ತು ಬಿಡಲಿಲ್ಲ.