ಕಣ್ಣಿನ ಹಳದಿ

ಅವಳನ್ನು ಬೀದಿಯವರೆಲ್ಲ ನಿಂಬೆಕ್ಕ ಎನ್ನುತ್ತಿದ್ದರು. ಕಣ್ಣಿನ ಬಿಳಿಭಾಗ ಚಿಕ್ಕಂದಿನಿಂದಲೂ ಹಳದಿ. ಅದಕ್ಕೇ ಆ ಹೆಸರು. ಎದುರುಮನೆಯವಳಾದ ನಾನೂ ಹಾಗೇ ಕರೆಯುತ್ತಿದ್ದೆ. ಅವಳೇನೂ ಬೇಸರಪಟ್ಟುಕೊಂಡವಳಲ್ಲ. "ನಾನಿನ್ನೂ ಕಾಯಿ. ನನ್ನ ತಮ್ಮನ್ನ ನೋಡಿ, ಪೂರ್ತಿ ಹಣ್ಣಾಗಿದ್ದಾನೆ," ಎಂದು ನಕ್ಕುಬಿಡುತ್ತಿದ್ದಳು. ಫೋಟೋ ಎಂದರೆ ಮಾತ್ರ ಎದ್ದು ಒಳಗೆ ನಡೆದುಬಿಡುತ್ತಿದ್ದಳು. ವಯಸ್ಸು ನಲವತ್ತು ದಾಟಿದರೂ ಅವಳದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಇದ್ದವುಗಳಲ್ಲೆಲ್ಲ ನೆಲ ನೋಡುತ್ತಿದ್ದಳು.

ಅಕ್ಕ ತಮ್ಮ ಇಬ್ಬರಿಗೂ ಅಪ್ಪನಿಂದ ಬಂದ ಆಸ್ತಿ ಅದು: ರಕ್ತದ ಕೆಂಪು ಕಣಗಳು ಆಯಸ್ಸು ತುಂಬುವ ಮೊದಲೇ ಒಡೆದುಹೋಗುವ ಕಾಯಿಲೆ. ಒಡೆದಷ್ಟನ್ನೂ ಮೈ ಹೊಸದಾಗಿ ಹುಟ್ಟಿಸಿಕೊಂಡು ಹೇಗೋ ತೂಗಿಸುತ್ತಿತ್ತು. ಒಡೆಯುವುದು ಹೆಚ್ಚಾದರೆ ಕಣ್ಣಿನ ಹಳದಿ ಏರುತ್ತಿತ್ತು. ಹಾಗಾಗಿ ಅಪ್ಪ ಒಂದು ಪದ್ಧತಿ ಮಾಡಿಟ್ಟು ಹೋಗಿದ್ದ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಕಿಟಕಿಯ ಹತ್ತಿರ ನಿಂತು, ರೆಪ್ಪೆ ಕೆಳಗೆಳೆದು, ಒಬ್ಬರ ಕಣ್ಣು ಇನ್ನೊಬ್ಬರು ನೋಡಬೇಕು. ಹಳದಿ ಏರಿದ್ದರೆ ಆಸ್ಪತ್ರೆಗೆ, ಇಳಿದಿದ್ದರೆ ಕೆಲಸಕ್ಕೆ. ತಮ್ಮನದು ಹಳೇ ಬಟ್ಟೆಗಳಿಗೆ ಬಣ್ಣ ಹಾಕಿಕೊಡುವ ಅಂಗಡಿ. ಎರಡು ನೀಲಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವನ ಕಣ್ಣಿಗೆ ಸಿಕ್ಕಿಬೀಳುತ್ತಿತ್ತು. ಅವನು ನೋಡಿ ಹೇಳಿದ ಮೇಲೆ ಆ ಮನೆಯಲ್ಲಿ ಎರಡು ಮಾತಿಲ್ಲ.

ನಿಂಬೆಕ್ಕನ ಕೆಲಸ ಶಿಶುವಿಹಾರದಲ್ಲಿ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ತಟ್ಟಿ ಮಲಗಿಸುವುದು. ಆ ವರ್ಷ ಅಲ್ಲಿನ ಮಕ್ಕಳಿಗೆಲ್ಲ ಸಣ್ಣ ಜ್ವರ ಬಂದುಹೋಯಿತು. ಜ್ವರ ಬಿಟ್ಟ ಮೇಲೆ ಎರಡೂ ಕೆನ್ನೆ ಕೆಂಪಗೆ ಏಳುತ್ತಿದ್ದವು. ಒಬ್ಬ ತಾಯಿ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡಳಂತೆ.

"ಮಗೂಗೆ ಹೊಡೆದ್ರಾ?"

"ಈ ಕೈಗೆ ಅಷ್ಟು ಶಕ್ತಿ ಇದ್ದಿದ್ರೆ ಮೊದ್ಲು ನನ್ನ ತಮ್ಮನಿಗೆ ಬಾರಿಸ್ತಿದ್ದೆ ತಾಯಿ," ಎಂದಳಂತೆ ನಿಂಬೆಕ್ಕ.

ಮಕ್ಕಳು ಬೇಗನೆ ಎದ್ದು ಕುಣಿದಾಡತೊಡಗಿದವು. ಅವಳಿಗೂ ಜ್ವರ ಬಂತು, ಬಿಟ್ಟಿತು. ಸುಸ್ತು ಮಾತ್ರ ಬಿಡಲಿಲ್ಲ. ಆದರೆ ಕಿಟಕಿಯ ಹತ್ತಿರ ದಿನದಿನಕ್ಕೂ ಒಳ್ಳೇ ಸುದ್ದಿ. ಹಳದಿ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ತಮ್ಮ ಕೂಗಿದ್ದು ನನ್ನ ಅಡುಗೆಮನೆಗೂ ಕೇಳಿಸಿತು.

"ಅಕ್ಕಾ, ಬೆಳ್ಳಗಾಗಿದೆ ಕಣೇ! ಬೇಕಾದ್ರೆ ಕನ್ನಡಿ ನೋಡ್ಕೋ!"

ನಾನೂ ಹೋಗಿ ನೋಡಿದೆ. ನಿಜ, ಕಣ್ಣು ಬೆಳ್ಳಗಿತ್ತು. ತುಟಿಯೂ ಬಿಳಿಚಿಕೊಂಡಿತ್ತು. ಆದರೆ ತುಟಿ ನೋಡುವ ಪದ್ಧತಿಯನ್ನು ಅವರಪ್ಪ ಕಲಿಸಿರಲಿಲ್ಲ.

"ಹಾಗಾದ್ರೆ ಇವತ್ತೇ ಫೋಟೋ ತೆಗೆಸ್ಬಿಡ್ತೀನಿ. ನಾಳೆ ಮತ್ತೆ ನಿಂಬೆ ಆದ್ರೆ ಕಷ್ಟ," ಎಂದಳು.

ಸ್ಟುಡಿಯೋ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಅಲ್ಲಲ್ಲೇ ಕೂತು ಏದುಸಿರು ಬಿಟ್ಟಳಂತೆ. "ಮುದುಕಿ ಆದೆ ನೀನು," ಎಂದು ತಮ್ಮ ರೇಗಿಸಿದನಂತೆ. ದೀಪದ ಮುಂದೆ ಕೂತವಳು ಮೊದಲ ಸಲ ಕ್ಯಾಮೆರಾವನ್ನೇ ದಿಟ್ಟಿಸಿ ನೋಡಿದಳು.

ಮರುದಿನ ಮಲಗಿದ್ದ ಮಕ್ಕಳ ಪಕ್ಕದಲ್ಲೇ ಕುಸಿದುಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಹೊಂದಿಸುವಷ್ಟರಲ್ಲಿ ಜೀವ ಹೋಗಿತ್ತು.

ತಮ್ಮ ಗೋಡೆಗೊರಗಿ ನಿಂತಿದ್ದ. ಡಾಕ್ಟರಮ್ಮ ಅವನಿಗೆ ನಿಧಾನವಾಗಿ ತಿಳಿಸಿ ಹೇಳಿದರು.

"ಆ ಮಕ್ಕಳಿಗೆ ಬಂದ ವೈರಸ್ಸೇ ಇದು. ಹೊಸ ರಕ್ತ ಹುಟ್ಟೋದನ್ನ ಒಂದಷ್ಟು ದಿನ ನಿಲ್ಲಿಸಿಬಿಡುತ್ತೆ. ಬೇರೆಯವರಿಗೆ ಗೊತ್ತೂ ಆಗಲ್ಲ, ಅವರ ಹಳೇ ರಕ್ತ ತಿಂಗಳುಗಟ್ಟಲೆ ಬಾಳುತ್ತೆ. ನಿಮ್ಮಂಥವರ ರಕ್ತ ಅಷ್ಟು ದಿನ ಬಾಳಲ್ಲ."

"ಕಣ್ಣು ಬೆಳ್ಳಗಾಗಿತ್ತಲ್ಲ ಡಾಕ್ಟ್ರೇ?"

"ಒಡೆಯೋಕೆ ರಕ್ತವೇ ಇಲ್ದಿದ್ರೆ ಹಳದಿ ಎಲ್ಲಿಂದ ಬರಬೇಕಪ್ಪಾ?"

ಅವನೂ ಎಚ್ಚರವಾಗಿರಬೇಕೆಂದು, ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಹೇಳಿ ಕಳಿಸಿದರು. ಅವರು ಹೆದರಿದಂತೆಯೇ ಅವನಿಗೂ ಆ ಜ್ವರ ಬಂತು. ಸಮಯಕ್ಕೆ ಸರಿಯಾಗಿ ರಕ್ತ ಕೊಟ್ಟರು, ಉಳಿದುಕೊಂಡ. ಮಕ್ಕಳಿಗೆ ಕೆನ್ನೆ ಕೆಂಪು ಮಾಡಿ ಹೋದ ಜ್ವರ ಆ ಮನೆಯಲ್ಲಿ ಒಂದು ಜೀವ ತಿಂದು ಹೋಯಿತಲ್ಲ ಎಂದು ನೆನೆದಾಗೆಲ್ಲ ನನಗೆ ಮೈ ಉರಿಯುತ್ತದೆ. ಯಾರನ್ನು ಬೈಯುವುದು?

ಕೆಲವು ವಾರ ಕಳೆದ ಮೇಲೆ ಅವನು ಅದೇ ಕಿಟಕಿಯ ಹತ್ತಿರ ಕೈಗನ್ನಡಿ ಹಿಡಿದು ನಿಂತಿದ್ದ. ರೆಪ್ಪೆ ಎಳೆದುಕೊಂಡು ನೋಡಿದ. "ಹಳದಿ ಮತ್ತೆ ಬಂತು, ಅಕ್ಕಾ," ಎಂದ. ಆಮೇಲೆ ಕನ್ನಡಿಯನ್ನು ಬೋರಲು ಹಾಕಿ ಅಲ್ಲೇ ಕೂತು ಅತ್ತ.

ಫೋಟೋ ತರಲು ಜೊತೆಗೆ ನಾನೇ ಹೋದೆ. ಒಬ್ಬನೇ ಆ ಮೆಟ್ಟಿಲು ಹತ್ತಲಾರೆ ಎಂದಿದ್ದ. ಸ್ಟುಡಿಯೋದವನಿಗೆ ಏನೂ ಗೊತ್ತಿರಲಿಲ್ಲ.

"ನೋಡಿ, ಎಷ್ಟು ಚೆನ್ನಾಗಿ ಬಂದಿದೆ!"

ತಮ್ಮ ಅದನ್ನು ಬೆಳಕಿಗೆ ಹಿಡಿದು, ಅಂಗಡಿಗೆ ಬಂದ ಬಟ್ಟೆ ನೋಡುವಂತೆ ಬಹಳ ಹೊತ್ತು ನೋಡಿದ.

"ಕಣ್ಣಿಗೆ ಸ್ವಲ್ಪ ಹಳದಿ ಹಾಕಿಕೊಡ್ತೀರಾ?"

"ಹಳದೀನಾ? ಎಲ್ರೂ ಬೆಳ್ಳಗೆ ಮಾಡಿ ಅಂತಾರಲ್ಲ ಸ್ವಾಮಿ! ಎಂಥ ಹಳದಿ?"

ತಮ್ಮ ಕಿಟಕಿಯ ಕಡೆ ತಿರುಗಿ, ಬೆರಳಿನಿಂದ ತನ್ನ ರೆಪ್ಪೆ ಕೆಳಗೆಳೆದು ಅವನ ಮುಂದೆ ಬಗ್ಗಿದ.

"ಇದೇ ಬಣ್ಣ. ಇದಕ್ಕಿಂತ ಒಂಚೂರು ಕಮ್ಮಿ."