ದೊಡ್ಡಪ್ಪ ಬರೆಸದ ಹೆಣ್ಣುಮಕ್ಕಳು

ಮೊದಲು ಕೈಕೊಟ್ಟದ್ದು ಬಲ ಸೊಂಟ. ಆಳಂದದ ಹೈಸ್ಕೂಲಿನಲ್ಲಿ ಗಣಿತದ ಪಾಠ ಮಾಡುತ್ತಿದ್ದೆ. ಬಿದ್ದ ಡಸ್ಟರ್ ಎತ್ತಲು ಕುಕ್ಕರಿಸಿದೆ. ಏಳಲಾಗಲಿಲ್ಲ. ಮೇಜಿನ ಕಾಲು ಹಿಡಿದು ಎದ್ದಾಗ ಹುಡುಗಿಯರು ನಕ್ಕರು, ನಾನೂ ನಕ್ಕೆ. ಆಗ ನನಗೆ ಮೂವತ್ತೊಂದು ವರ್ಷ.

ಕಲಬುರಗಿಯ ಆಸ್ಪತ್ರೆಗೆ ದೊಡ್ಡಪ್ಪ ಜೊತೆಗೆ ಬಂದ. ಅಪ್ಪ ತೀರಿದ ಮೇಲೆ ಮಣ್ಣೂರಿನ ನಮ್ಮ ಮನೆಗೆ ಅವನೇ ಹಿರಿಯ, ಎಲ್ಲರ ಪರವಾಗಿ ಮಾತೂ ಅವನದೇ. ಡಾಕ್ಟರ್ ನನ್ನ ಮುಖ ನೋಡಿ ಫ್ಯಾಮಿಲಿ ಹಿಸ್ಟರಿ ಕೇಳಿದರು. ಉತ್ತರ ಅವನು ಕೊಟ್ಟ.

"ನಮ್ ಮನ್ಯಾಗ ಎಲುಬಿನ ತಕಲೀಪು ಗಂಡಸರಿಗಷ್ಟೇ ಅದ್ರಿ. ಹೆಣ್ಮಕ್ಕಳು ಗಟ್ಟಿ ಅದಾರ."

ಅಜ್ಜಿ ವಾಲಿ ನಡೆಯುತ್ತಿದ್ದಳು. ಸೋದರತ್ತೆಯೂ ಹಾಗೇ. ಆದರೆ ಮನೆಯಲ್ಲಿ ಅದನ್ನು ಬಾಣಂತನದ ವಾಯು ಎನ್ನುತ್ತಿದ್ದರು. ನಾನು ಮಕ್ಕಳನ್ನು ಹೆತ್ತವಳಲ್ಲ. ಆದರೂ ಬಾಯಿ ಮುಚ್ಚಿಕೊಂಡು ಕೂತೆ.

ಆರ್ಥ್ರೈಟಿಸ್ ಎಂದರು. ಸ್ಟೀರಾಯ್ಡ್ ಬರೆದರು. ಒಂದೂವರೆ ವರ್ಷ ನುಂಗಿದೆ. ಮುಖ ಬಾತಿತು, ನೋವು ಹೋಗಲಿಲ್ಲ. ಬೇರೆ ಡಾಕ್ಟರು ಎಂ.ಆರ್.ಐ. ನೋಡಿ ತಲೆ ಆಡಿಸಿದರು. "ಇದು ಮನೆತನದಿಂದ ಬಂದದ್ದಮ್ಮಾ. ಮಾತ್ರೆ ಅದನ್ನು ಇನ್ನಷ್ಟು ಕೆಡಿಸಿದೆ. ಹಿಪ್ ರಿಪ್ಲೇಸ್‌ಮೆಂಟ್ ಮಾಡಬೇಕು."

ಎರಡೂ ಕಡೆ.

ಅವರೇ ಅಶ್ವಿನಿಯ ನಂಬರ್ ಕೊಟ್ಟರು. ಅಫಜಲಪುರ, ಜೇವರ್ಗಿ ಕಡೆಯ ಮನೆತನಗಳಲ್ಲಿ ಎಲುಬು-ಕೀಲುಗಳ ರೋಗ ಹೇಗೆ ವಂಶದಲ್ಲಿ ಇಳಿಯುತ್ತದೆ ಎಂದು ಆಕೆ ಪಿಎಚ್.ಡಿ. ಮಾಡುತ್ತಿದ್ದಳು. ಕೆಲವು ವರ್ಷದ ಹಿಂದೆ, ನಾನು ಆಳಂದದಲ್ಲಿದ್ದಾಗ, ನಮ್ಮ ಮನೆಗೂ ಬಂದು ರಕ್ತ ಒಯ್ದಿದ್ದಳಂತೆ. ಫೋನಿನಲ್ಲಿ ನನ್ನ ಕಥೆ ಕೇಳಿ ತನ್ನ ಹಳೆಯ ದಾಖಲೆ ತೆಗೆದು ನೋಡಿದಳು.

"ಒಂದು ಜೀನ್‌ನ್ಯಾಗ ಬದಲಾವಣೆ ಸಿಕ್ಕಿತ್ರಿ. ಆದ್ರ ಅದು ನಿಮ್ಮ ಅಜ್ಜಿ, ಅತ್ತಿ ರಕ್ತದಾಗೂ ಇತ್ತು. ಅವ್ರಿಗೆ ಏನೂ ಇಲ್ಲಂತ ನಿಮ್ಮ ದೊಡ್ಡಪ್ಪಾರು ಬರಸಿದ್ರು. ಹಂಗಾರ ಇದು ಕಾರಣ ಅಲ್ಲಂತ ಕೈಬಿಟ್ಟೆ. ಮೂರು ವರ್ಷದಿಂದ ಬ್ಯಾರೆ ಕಡೆ ಹುಡಕಾಕತ್ತೇನಿ."

ಅವನ ಒಂದು ಸುಳ್ಳಿಗೆ ಅವಳ ಮೂರು ವರ್ಷ, ನನ್ನ ಎರಡು ಸೊಂಟ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಉಣಬಡಿಸುವವಳು ನಾನೇ ಆಗಬೇಕೆಂದುಕೊಂಡೆ.

ದಿನ ನಾನೇ ಆರಿಸಿದೆ. ದೊಡ್ಡಪ್ಪನ ಮಗಳು ಶೋಭಾಳನ್ನು ನೋಡಲು ಜೇವರ್ಗಿಯವರು ಬರುವ ದಿನ. ಅಶ್ವಿನಿಗೆ ಆ ವಿಷಯ ಹೇಳದೆ ಮಣ್ಣೂರಿಗೆ ಕರೆದೊಯ್ದೆ. ಪಡಸಾಲೆ ತುಂಬ ಜನ, ಕೈಯಲ್ಲಿ ಚಹಾ. ಕೋಲು ಊರಿಕೊಂಡು ನಡುವೆ ಹೋಗಿ ನಿಂತೆ.

"ದೊಡ್ಡಪ್ಪಾ, ಮೇಡಮ್ ಬಂದಾರ. ನನ್ನ ಹೆಸರು ಬರಸು. ಅಜ್ಜೀದು, ಅತ್ತೀದು ಬರಸು. ಶೋಭಾಂದೂ ಬರಸು."

"ಬಾಯಿ ಮುಚ್ಚಬೇ! ಬೀಗರು ಕುಂತಾರ."

"ನೀ ಬಾಯಿ ಬಿಟ್ಟಿದ್ದಕ್ಕ ನನ್ನ ಎಲುಬು ಹೋಗ್ಯಾವ."

ಶೋಭಾಳಿಗೂ ಈ ರೋಗ ಇದೆ ಎಂದು ನನಗೆ ಖಾತ್ರಿ ಇರಲಿಲ್ಲ. ಆದರೂ ಹೇಳಿದೆ. ದೊಡ್ಡಪ್ಪನಿಗೆ ನೋಯುವ ಜಾಗ ಅದೊಂದೇ. ಅವನ ಮುಖ ಬಿಳಿಚಿದ್ದು ನೋಡಿ ನನಗೆ ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಅಶ್ವಿನಿ ಮಾತ್ರ ಪೆನ್ನು ಮುಚ್ಚಿ ಎದ್ದಳು. "ಅವರು ತಾವೇ ಹೇಳದ ಹೊರತು ನಾ ಬರಕೊಳ್ಳಂಗಿಲ್ರಿ. ಇವತ್ತೇ ನನ್ನ ಕರಕೊಂಡು ಬರಬಾರದಿತ್ತು ನೀವು."

ಜೇವರ್ಗಿಯವರು ಅರ್ಧ ಚಹಾ ಬಿಟ್ಟು ಹೋದರು.

ಎರಡು ತಿಂಗಳಿಗೆ ಬಲಗಡೆಯ ಆಪರೇಷನ್ ಆಯಿತು. ವಾಕರ್ ಹಿಡಿದು ಬಚ್ಚಲಿಗೆ ಒಬ್ಬಳೇ ಹೋಗಿ ಬಂದ ದಿನ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಇಷ್ಟಾದರೂ ಉಳಿಯಿತಲ್ಲ ಎಂದು. ದೊಡ್ಡಪ್ಪ ನೋಡಲು ಬರಲಿಲ್ಲ. ಬರುವುದೂ ಬೇಕಿರಲಿಲ್ಲ, ಅವನನ್ನು ನಾನು ಕ್ಷಮಿಸಿಲ್ಲ.

ಶೋಭಾ ಬಂದಳು, ಒಬ್ಬಳೇ. ಬೈಯಲಿ ಎಂದು ಕಾದೆ. ಮಂಚದ ತುದಿಯಲ್ಲಿ ಕೂತಳು.

"ಜೇವರ್ಗಿಯವ್ರು ಒಲ್ಲೆ ಅಂದ್ರು."

"ಗೊತ್ತದ."

"ನೀ ಹೇಳಿದ್ದು ಖರೇ ಅದ ಅಕ್ಕಾ. ಎರಡು ವರ್ಷ ಆತು, ಗ್ವಾಡಿ ಹಿಡದು ಏಳ್ತೇನಿ. ಅಪ್ಪಗ ಗೊತ್ತದ. ಲಗ್ನ ಆಗೂತನಾ ಸುಮ್ಮನಿರು ಅಂದಾನ."

ಅವಳನ್ನು ಉಳಿಸಲು ದೊಡ್ಡಪ್ಪ ನನ್ನನ್ನು ಮುಚ್ಚಿಟ್ಟ ಎಂದುಕೊಂಡಿದ್ದೆ. ಅವಳನ್ನೂ ಹಾಗೇ ಸವೆಯಲು ಬಿಟ್ಟಿದ್ದ. ಆ ದಿನ ಪಡಸಾಲೆಯಲ್ಲಿ ನಾನೂ ಅವಳನ್ನು ಏನೂ ಕೇಳಿರಲಿಲ್ಲ.

"ಮೇಡಮ್‌ಗ ನಾನೇ ಫೋನ್ ಮಾಡಿ ಹೆಸರು ಬರಸೇನಿ," ಎಂದಳು. "ಎಕ್ಸ್-ರೇ ತಗಸೇನಿ. ಇನ್ನಾ ಭಾಳ ಸವದಿಲ್ಲಂತ."

ಆಮೇಲೆ ನನ್ನ ಸೊಂಟದ ಬ್ಯಾಂಡೇಜ್ ಕಡೆ ಬೆರಳು ತೋರಿಸಿ ಕೇಳಿದಳು. "ಇದು ಎಷ್ಟು ನೋಯ್ತದ? ಸುಳ್ಳು ಹೇಳಬ್ಯಾಡ."

ಮೊದಲ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ.