ನಿಂತ ಕಾರಿನ ತಂಪು

ಆಯಿತು! ನಮ್ಮ ನಂದೀಶನ ಜವಳ ಆಯಿತು! ಇವತ್ತು ಬೆಳಿಗ್ಗೆ, ನಮ್ಮ ಅಂಗಳದಲ್ಲೇ, ಸೋದರಮಾವನ ತೊಡೆಯ ಮೇಲೆ ಕುಳಿತು! ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು, ಎರಡು ಜಡೆ ಹಾಕುವಷ್ಟು ಉದ್ದ ಬೆಳೆದಿತ್ತು. ಮೊದಲ ಎಳೆಯನ್ನು ಮಾವನೇ ಕತ್ತರಿಸಿದ. ಕೂಸು ಅಳುತ್ತದೆ ಎಂದುಕೊಂಡಿದ್ದೆವು—ಅಳಲಿಲ್ಲ. ಬೋಳುತಲೆಯನ್ನು ತಾನೇ ಸವರಿಕೊಂಡು ಕಿಲಕಿಲ ನಕ್ಕಿತು. ಅತ್ತವಳು ನಾನು. ಅವನ ಅಜ್ಜಿ.

ಇಷ್ಟು ಸಂತೋಷದ ದಿನ ಇದನ್ನು ಬರೆಯದೆ ಬಿಟ್ಟರೆ ಆ ಸಂತೋಷವೂ ಕದ್ದದ್ದೇ ಆಗುತ್ತದೆ. ಈ ಜವಳ ಇಷ್ಟು ದಿನ ನಿಂತದ್ದು ನನ್ನಿಂದ. ಸೋದರಮಾವನನ್ನು ಸುಮಾರು ಮೂರು ವರ್ಷ ಈ ಮನೆಯ ಹೊಸ್ತಿಲಿನಿಂದ ದೂರ ಇಟ್ಟವಳು ನಾನು—ಒಂದೇ ಒಂದು ಸುಳ್ಳು ಹೇಳಿ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಮಾಡಿದ ತಪ್ಪನ್ನು ಮಾತ್ರ ತಿದ್ದದೆ, ಇದ್ದ ಹಾಗೆಯೇ ಓದಿ.

ಎಲ್ಲದಕ್ಕೂ ಮೂಲ ಒಂದು ಕರೆಂಟಿನ ಕಾರು. ನನ್ನ ಮಗ ಈರಣ್ಣ ಅದನ್ನು ತನ್ನ ಹೆಂಡತಿ ಸುಜಾತಳ ಅಣ್ಣನಿಂದ ದುಡ್ಡು ಕೊಟ್ಟು ತೆಗೆದುಕೊಂಡಿದ್ದ. ಅಣ್ಣನ ಹೆಸರು ರಾಮಾಂಜಿ, ಪತ್ತಿಕೊಂಡದಲ್ಲಿ ಝೆರಾಕ್ಸ್ ಅಂಗಡಿ. ತಾನು ಎರಡು ವರ್ಷ ಜೋಪಾನವಾಗಿ ಓಡಿಸಿದ ಕಾರು ತಂಗಿಯ ಮನೆಗೇ ಹೋಗಲಿ ಎಂದು ಆಸೆಪಟ್ಟು ಕೊಟ್ಟವನು.

ಆ ಬೇಸಿಗೆಯಲ್ಲಿ ಸುಜಾತ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಈರಣ್ಣನಿಗೆ ನೌಕರಿಯ ತರಬೇತಿ, ಎರಡು ತಿಂಗಳು ಕರ್ನೂಲಿನಲ್ಲಿ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಕೋಸಗಿ ಹತ್ತಿರದ ನಮ್ಮ ಊರಿನಲ್ಲಿ ಜಾಗಕ್ಕೇನು ಬರ! ಅಂಗಳದ ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿ, ಕೀಲಿಯನ್ನು ನನ್ನ ಅಂಗೈಗೆ ಇಟ್ಟ.

“ಅವ್ವಾ, ಇದು ನಿಂತಲ್ಲೇ ಒಂಚೂರು ಒಂಚೂರು ಚಾರ್ಜ್ ಇಳೀತೈತಿ, ಗಾಬರಿ ಆಗಬ್ಯಾಡ. ಎಂಬತ್ತಕ್ಕ ಇಟ್ಟೀನಿ, ನಾ ಬರೂಮಟ ಸಾಕಷ್ಟು ಇರತೈತಿ. ಯಾರಿಗೂ ಮುಟ್ಟಾಕ ಬಿಡಬ್ಯಾಡ. ನಿನ್ನ ಕೈಯಾಗ ಇದ್ರ ನನಗ ಚಿಂತಿಲ್ಲ.”

ಯಾರಿಗೂ ಮುಟ್ಟಲು ಬಿಡಲಿಲ್ಲ. ನಾನೇ ಮುಟ್ಟಿದೆ.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದ್ದರೆ ಸರಿ. ಇಲ್ಲದಿದ್ದರೆ—ಹಂಚಿನ ಮೇಲಿನ ರೊಟ್ಟಿಯನ್ನು ಕೇಳಿ, ಅದು ಹೇಳುತ್ತದೆ. ಜೀವಮಾನವಿಡೀ ಕುರಿ ಕಾಯ್ದವಳು ನಾನು. ತಂಪೆಂದರೆ ಗಿಡದ ನೆರಳು ಅಷ್ಟೇ. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಕಾರಿನ ಒಳಗಿನ ಧೂಳು ಒರೆಸೋಣ ಎಂದು ಬಾಗಿಲು ತೆಗೆದೆ. ಈರಣ್ಣ ಓಡಿಸುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೆನಲ್ಲ—ಕಾಲಿನ ಕೆಳಗಿನ ಬ್ರೇಕು ಒತ್ತಬೇಕು, ದುಂಡನೆಯ ಬಟನು ಒತ್ತಬೇಕು, ಆಮೇಲೆ ಹಿಮದ ಚಿತ್ರ ಇರುವ ಇನ್ನೊಂದು. ಒತ್ತಿದೆ. ಸದ್ದಿಲ್ಲ, ಹೊಗೆಯಿಲ್ಲ—ಮುಖದ ಮೇಲೆ ತಂಗಾಳಿ! ಅಯ್ಯೋ, ಆ ಸುಖವನ್ನು ಹೇಗೆ ಬರೆಯಲಿ! ತಪ್ಪೊಪ್ಪಿಕೊಳ್ಳುತ್ತ ಕುಳಿತವಳಿಗೆ ಈಗಲೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಸೀಟು ಹಿಂದಕ್ಕೆ ಬಾಗಿಸಿ ಸಂಜೆಯವರೆಗೂ ನಿದ್ದೆ ಹೊಡೆದೆ.

ಮರುದಿನವೂ ಹೋದೆ. ಅದರ ಮರುದಿನವೂ. ಎಲೆ ಅಡಿಕೆ ಚೀಲ ಹಿಡಿದು, ಊಟ ಮುಗಿದದ್ದೇ ತಡ.

ಅಂಕಿ ಓದಲು ನನಗೆ ಬರುತ್ತದೆ. ಎಂಬತ್ತು ಎಪ್ಪತ್ತಾಯಿತು, ಅರವತ್ತಾಯಿತು. ಕಂಡಿತ್ತು—ಕಾಣಲಿಲ್ಲ ಎಂದು ಹೇಳಲಾರೆ. ಆದರೆ ನಿಂತಲ್ಲೇ ಇಳಿಯುತ್ತದೆ ಎಂದವನು ಮಗನೇ ಅಲ್ಲವೇ? ಬೇಸಿಗೆಯಲ್ಲಿ ಗಡಿಗೆಯ ನೀರು ಯಾರೂ ಕುಡಿಯದೆ ಇಳಿಯುವುದಿಲ್ಲವೇ? ಹಾಗೆಂದುಕೊಂಡೆ. ಇಳಿದದ್ದರಲ್ಲಿ ಬಿಸಿಲು ಕುಡಿದದ್ದೆಷ್ಟು, ನಾನು ಕುಡಿದದ್ದೆಷ್ಟು—ಯಾರು ಅಳೆಯುತ್ತಾರೆ? ಒಂಬತ್ತಕ್ಕೆ ಬಂದಾಗ ಹೆದರಿ ಬಿಟ್ಟೆ. ಮಗನಿಗೆ ಒಂದು ಫೋನು ಮಾಡಿದ್ದರೆ ಚಾರ್ಜು ಹಾಕುವುದು ಹೇಗೆಂದು ಹೇಳಿಕೊಡುತ್ತಿದ್ದ. ಮಾಡಲಿಲ್ಲ. ಉಳಿದ ಆ ಒಂಬತ್ತೂ, ತಿಂಗಳೊಪ್ಪತ್ತಿನಲ್ಲಿ, ನಿಂತಲ್ಲೇ ಇಳಿದು ಇಳಿದು—

ಈರಣ್ಣ ಬಂದ. ಹೆಂಡತಿಯನ್ನೂ ಹಸುಗೂಸನ್ನೂ ಕಾರಿನಲ್ಲಿ ಕರೆತರಬೇಕೆಂದು ಹೂವಿನ ಹಾರ ಬೇರೆ ತಂದಿದ್ದ. ಕಾರು ಸತ್ತಿತ್ತು. ಕೀಲಿ ಒತ್ತಿದರೆ ಬಾಗಿಲು ಸಹ ತೆರೆಯಲಿಲ್ಲ. ಆದೋನಿಯಿಂದ ಬಂದ ಮೆಕಾನಿಕ್ಕು, ಇಷ್ಟೊಂದು ಇಳಿಯಬೇಕಾದರೆ ಬ್ಯಾಟರಿಯಲ್ಲೇ ದೋಷವಿರಬೇಕು ಎಂದು ಅನುಮಾನಪಟ್ಟ. ಸುದ್ದಿ ಕೇಳಿ ರಾಮಾಂಜಿ ಪತ್ತಿಕೊಂಡದಿಂದ ಓಡಿ ಬಂದ. ಅಂಗಳದ ತುಂಬ ಜನ. ಎಲ್ಲರ ಮುಂದೆ ಈರಣ್ಣ ಬಾಯಿ ಬಿಟ್ಟ.

“ಸತ್ತ ಬ್ಯಾಟರಿ ಕಟ್ಟಾಕ ತಂಗಿ ಗಂಡನs ಸಿಕ್ಕನೇನು ಭಾವ ನಿಮಗ?”

“ಈರಣ್ಣಾ, ಮಾತು ನೋಡಿ ಆಡು. ನಾನೂ ಇದನ್ನ ಒಂದೂವರೆ ತಿಂಗಳು ನಿಲ್ಲಿಸಿದ್ದೆ. ಹಿಂಗ ಇಳಿದಿದ್ದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. ಕಣ್ಣಲ್ಲಿ ಎಂಥ ಆಸೆ ಇತ್ತು! “ಅತ್ತೀ, ನೀವು ಮನ್ಯಾಗs ಇದ್ರಿ. ಯಾರರ ಬಾಗಲಾ ತೆಗೆದು ಚಾಲೂ ಮಾಡಿದ್ರೇನು? ನೀವೊಂದು ಮಾತು ಹೇಳ್ರಿ.”

ನಾನು ಹೇಳಿದೆ—“ಯಾರೂ ಮುಟ್ಟಿಲ್ಲಪ್ಪ. ಕೀಲಿ ನನ್ನ ಸೊಂಟದಾಗs ಇತ್ತು.”

ಎರಡನೆಯದು ನಿಜ. ಅದಕ್ಕೇ ಮೊದಲನೆಯದನ್ನು ಎಲ್ಲರೂ ನಂಬಿದರು.

ಏಕೆ ಹೇಳಿದೆ? ನಾಚಿಕೆಯಿಂದ ಎಂದು ಬರೆಯಬಹುದಿತ್ತು. ಮುದುಕಿ ಕಲೆಕ್ಟರಮ್ಮನ ಹಾಗೆ ಏಸಿಯಲ್ಲಿ ಮಲಗಿದ್ದಳಂತೆ ಎಂದು ಊರು ನಗುತ್ತಿತ್ತು, ಹೌದು. ಆದರೆ ಅಷ್ಟೇ ಅಲ್ಲ. ಈರಣ್ಣನ ಬಾಯಲ್ಲಿ ಹೊತ್ತು ಮೂಡಿದರೆ ಭಾವ, ಮುಳುಗಿದರೆ ಭಾವ. ಆ ಭಾವ ಜನರ ಮುಂದೆ ತಲೆ ತಗ್ಗಿಸಿದಾಗ—ನನ್ನ ಎದೆಯ ಯಾವುದೋ ಮೂಲೆಗೆ ಹಿತವಾಯಿತು. ಕಾರಿನ ತಂಪಿಗಿಂತ ಕೆಟ್ಟ ತಂಪು ಅದು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ರಾಮಾಂಜಿ ನೀರು ಸಹ ಕುಡಿಯದೆ ಹೋದ. ಸುಜಾತ ಕೂಸನ್ನೆತ್ತಿಕೊಂಡು ಬಸ್ಸಿನಲ್ಲಿ ಬಂದಳು, ತವರಿನವರು ಒಬ್ಬರೂ ಜೊತೆಗಿರಲಿಲ್ಲ. ಬ್ಯಾಟರಿ ಹೇಗೋ ರಿಪೇರಿಯಾಯಿತು, ಕಾರು ಓಡಾಡಿತು. ಅಣ್ಣ ತಂಗಿಯರ ಮಾತು ಮಾತ್ರ ನಿಂತೇ ಹೋಯಿತು.

ನಮ್ಮಲ್ಲಿ ಜವಳ ತೆಗೆಯುವುದು ಬೆಸ ವರ್ಷದಲ್ಲಿ, ಸೋದರಮಾವನ ತೊಡೆಯ ಮೇಲೆ. ಮೊದಲ ವರ್ಷ ಹಾಗೇ ಹೋಯಿತು. ಮೂರನೆಯದೂ ಮುಗಿಯಲು ಬಂತು. ಓಣಿಯ ಮಕ್ಕಳು ನಂದೀಶನ ಜಡೆ ಎಳೆದು “ಏ ಹುಡುಗೀ” ಎಂದು ಅಣಕಿಸುತ್ತಿದ್ದರು. ಹೋದ ತಿಂಗಳು ಒಂದು ಬೆಳಿಗ್ಗೆ ಈರಣ್ಣ, ದೂರದ ಸಂಬಂಧದ ಯಾರನ್ನಾದರೂ ಮಾವನ ಜಾಗದಲ್ಲಿ ಕೂಡಿಸಿದರಾಯಿತು ಎಂದ. ಕೂಸಿನ ತಲೆ ಬಾಚುತ್ತಿದ್ದ ಸುಜಾತಳ ಕೈ ನಿಂತಿತು.

“ನಮ್ಮಣ್ಣ ಸತ್ತಾನೇನ್ರಿ, ಬ್ಯಾರೆಯವರ ತೊಡಿ ಮ್ಯಾಲ ಕೂಡಿಸಾಕ?”

ಅಷ್ಟೇ ಅಂದಳು. ಮತ್ತೆ ಬಾಚತೊಡಗಿದಳು. ಹಣಿಗೆ ಹಿಡಿದ ಆ ಕೈಯನ್ನು ನೋಡಲು ನನ್ನಿಂದ ಆಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಆದೋನಿಗೆ ಒಂದು ಬಸ್ಸು, ಅಲ್ಲಿಂದ ಪತ್ತಿಕೊಂಡಕ್ಕೆ ಇನ್ನೊಂದು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾದರೆ ಧೈರ್ಯವೂ ಅವರ ಜೊತೆಗೇ ಹೋಗುತ್ತದೆ ಎಂದು ಗೊತ್ತಿತ್ತು. ನಿಂತಲ್ಲೇ ಹೇಳಿಬಿಟ್ಟೆ.

“ರಾಮಾಂಜಿ, ನಿನ್ನ ಬ್ಯಾಟರಿ ಸತ್ತಿದ್ದಿಲ್ಲಪ್ಪ. ನಾನs ದಿನಾ ಏಸಿ ಹಾಕ್ಕೊಂಡು ಅದರಾಗ ಮಕ್ಕೊಂತಿದ್ದೆ. ಅವತ್ತು ನಿನ್ನ ಮುಂದ ಸುಳ್ಳು ಹೇಳೀನಿ.”

ಮಿಷನ್ನಿನಿಂದ ಕಾಗದ ಬರುತ್ತಲೇ ಇತ್ತು. ಅವನು ತೆಗೆಯಲಿಲ್ಲ.

“ಈ ಊರಾಗ ನನ್ನ ಏನಂತ ಕರೀತಾರ ಗೊತ್ತೇನತ್ತೀ? ಡೆಡ್ ಬ್ಯಾಟರಿ ರಾಮಾಂಜಿ ಅಂತಾರ. ನನ್ನ ತಂಗಿ ಮಗನ್ನ ಹಸುಗೂಸಿದ್ದಾಗ ಎತ್ತಿಕೊಂಡಿದ್ದs ಕಡೀ, ಮತ್ತ ಎತ್ತಿಕೊಂಡಿಲ್ಲ.”

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಈರಣ್ಣನಿಗೆ ಫೋನು ಹಚ್ಚಿ ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. “ಸುಳ್ಳು ಮಕದ ಮುಂದ ಹೇಳೀನಿ, ಖರೇನೂ ಮಕದ ಮುಂದs ಹೇಳ್ತೀನಿ. ನಡಿಯಪ್ಪ ನನ್ನ ಜೊತಿ.”

“ಸರ್ಲೇ, ಆತು ನಡೀರಿ,” ಎಂದು ಶಟರ್ ಎಳೆದ.

ಸಂಜೆ ಮನೆ ಮುಟ್ಟಿದೆವು. ಅಣ್ಣನನ್ನು ಬಾಗಿಲಲ್ಲಿ ಕಂಡು ಸುಜಾತ ಕೈಯಲ್ಲಿದ್ದ ನೀರಿನ ಚರಿಗೆ ಕೆಳಗೆ ಬಿಟ್ಟಳು. ನಾನು ಕುಳಿತುಕೊಳ್ಳಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದೆ. ಈರಣ್ಣ ಗೋಡೆಗೆ ಆತುಕೊಂಡ. “ಅವ್ವಾ, ನಾ ಭಾವಗ ಅಂದ ಮಾತು ಈಗ ಹ್ಯಾಂಗ ವಾಪಸ್ ತಗೊಳ್ಳಲಿ?” ಎಂದ. ಆಮೇಲೆ ಹೋಗಿ ರಾಮಾಂಜಿಯ ಕಾಲು ಹಿಡಿದ. ಅವನು ಎಬ್ಬಿಸಿ ಅಪ್ಪಿಕೊಂಡ. ಆ ಗಂಡಸರಿಬ್ಬರೂ ಗಳಗಳ ಅತ್ತರೆ, ನಂದೀಶ ಸೆರಗಿನ ಮರೆಯಿಂದ ಇಣುಕಿ ತನ್ನಮ್ಮನನ್ನು ಕೇಳಿದ—“ಇವ್ರು ಯಾರು?”

ಸೋದರಮಾವನನ್ನು ತೋರಿಸಿ, ಇವರು ಯಾರು ಎಂದು! ಆ ಪ್ರಶ್ನೆ ನಾನು ಕೊಟ್ಟದ್ದು. ನಂದೀಶನಿಗೆ ಹಾಲುಹಲ್ಲು ಮೂಡಿದ್ದು, ಮೊದಲ ಹೆಜ್ಜೆ ಇಟ್ಟದ್ದು, ಬಿದ್ದದ್ದು ಎದ್ದದ್ದು—ಮಾವನ ಪಾಲಿಗೆ ಇವು ಯಾವುವೂ ಇಲ್ಲ. ಅವನ್ನು ಎಲ್ಲಿಂದ ತಂದುಕೊಡಲಿ?

ಆದರೂ ಇವತ್ತು! ಪತ್ತಿಕೊಂಡದಿಂದ ಒಂದು ವ್ಯಾನಿನ ತುಂಬ ಬೀಗರು ಬಂದರು. ಕೂಸು ಬೆಳಿಗ್ಗೆಯಿಂದ ಮಾವನ ತೊಡೆ ಬಿಟ್ಟು ಇಳಿದಿಲ್ಲ. ಸಂಜೆ ಅಂಗಳದಲ್ಲಿ ಎಲೆ ಹಾಸಿ ಎಲ್ಲರೂ ಒಟ್ಟಿಗೆ ಕುಳಿತೆವು—ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದೇನೂ ಬೇಡ ಎಂದ ಈರಣ್ಣ. ಹೋಳಿಗೆ, ಬದನೆಕಾಯಿ ಪಲ್ಯ, ಕೂಸಿಗೆಂದು ಮೆತ್ತಗೆ ಬೆಂದ ಅನ್ನ. ಅಷ್ಟರಲ್ಲಿ ಬೀಗರಲ್ಲಿ ಒಬ್ಬ ತಮಾಷೆಗೆಂದು, “ಏ ಡೆಡ್ ಬ್ಯಾಟರೀ, ತುಪ್ಪ ಇತ್ಲಾಗ ಕಳಿಸೋ,” ಎಂದು ಕೂಗಿದ. ರಾಮಾಂಜಿ ನಕ್ಕು ತುಪ್ಪದ ಗಿಂಡಿ ದಾಟಿಸಿದ. ಅಭ್ಯಾಸವಾಗಿಬಿಟ್ಟಿತ್ತು ಅವನಿಗೆ.

ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. “ಆ ಹೆಸರು ಇನ್ನ ಬ್ಯಾಡಪ್ಪ. ಆ ಬ್ಯಾಟರಿ ತಿಂದಾಕಿ ನಾನು,” ಎಂದೆ. ಏಸಿ, ನಿದ್ದೆ, ಸುಳ್ಳು—ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕೆಲವರು ಬಿದ್ದು ಬಿದ್ದು ನಕ್ಕರು. ಕೂಗಿದವನು ತಲೆ ತಗ್ಗಿಸಿದ. ರಾಮಾಂಜಿ ಕೂಸಿನ ಬಾಯಿಗೆ ತುತ್ತು ಇಡುತ್ತಲೇ ಇದ್ದ, ಅವನ ಕಣ್ಣು ತುಂಬಿತ್ತು.

ಸುಜಾತ ನಗಲಿಲ್ಲ. ಎದ್ದು ಹೋಳಿಗೆಯ ಬುಟ್ಟಿ ಹಿಡಿದು ಸಾಲಿನಲ್ಲಿ ಬಂದಳು. ನನ್ನ ಎಲೆಗೂ ಒಂದು ಹಾಕಿದಳು, ಪಕ್ಕದ ಎಲೆಗೆ ಹೋದಳು. ನಾನು ಕುಳಿತು ಅದನ್ನು ಮುರಿದು ಉಂಡೆ.